ಮುಚ್ಚಿದ ಕಣ್ಣು ತೆರೆಸುವ ಫರೀದಾ

ಮೋಮಿನಪುರದ ಚಹಾದಂಗಡಿಗಳ ಷಟರ್‌ಗಳು ಇನ್ನೂ ಅರ್ಧವೇ ಮೇಲೆದ್ದಿವೆ. ನಸುಕಿನ ಫಜರ್ ನಮಾಜು ಮುಗಿಸಿ ಬಂದವರು ಚಹಾಕ್ಕೆ ಕಾದು ನಿಂತಿದ್ದಾರೆ. ಓಣಿಯ ಕೊನೆಯ ಫೋಟೋ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಫರೀದಾ ಆಗಲೇ ಕೆಲಸಕ್ಕೆ ಕುಳಿತಿದ್ದಾರೆ. ಅವರೆದುರಿನ ಕಂಪ್ಯೂಟರಿನಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳು ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿದ್ದಾಳೆ. ಹೊಸ ಫ್ರಾಕು, ಕೊರಳಲ್ಲಿ ಚೆಂಡುಹೂವಿನ ಹಾರ. ಫರೀದಾ ಒಂದು ಗುಂಡಿ ಒತ್ತುತ್ತಾರೆ. ಹುಡುಗಿ ಕಣ್ಣು ತೆರೆಯುತ್ತಾಳೆ, ಒಮ್ಮೆ ಮಿಟುಕಿಸುತ್ತಾಳೆ, ಮತ್ತೆ ನೋಡುತ್ತಾಳೆ.

ಆಕೆ ತೀರಿಹೋಗಿ ಇಪ್ಪತ್ನಾಲ್ಕು ವರ್ಷ.

ಫರೀದಾಗೆ ಈಗ ನಲವತ್ಮೂರು. ಹನ್ನೊಂದು ವರ್ಷದಿಂದ ಅಣ್ಣ ಫಕ್ರುದ್ದೀನ್ ಅವರ ಈ ಸ್ಟುಡಿಯೋದಲ್ಲಿ ಸ್ಥಿರಚಿತ್ರಗಳನ್ನು ಜೋಡಿಸಿ ಚಲಿಸುವ ಸ್ಲೈಡ್‌ಶೋ ಮಾಡುತ್ತಿದ್ದಾರೆ. ಮದುವೆ, ತೊಟ್ಟಿಲು, ವರ್ಷದ ತಿಥಿ ಎಲ್ಲದಕ್ಕೂ. ನಲವತ್ತು ಫೋಟೋ ಸೇರಿದರೆ ನಾಲ್ಕು ನಿಮಿಷದ ಚಿತ್ರ, ಮೂರು ದಿನದ ಕೆಲಸ. ಒಂದು ಸಲ ಕಣ್ಣು ಮಿಟುಕಬೇಕಾದರೆ ತೆರೆದದ್ದು, ಅರೆ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು ಎಂದು ಮೂರು ಚಿತ್ರ ಬೇಕು. ಮುಚ್ಚಿದ ಚಿತ್ರದ ಮೇಲೆ ಮಾತ್ರ ಎಂದೂ ನಿಲ್ಲಿಸುವಂತಿಲ್ಲ. “ಒಮ್ಮೆ ಅಲ್ಲೇ ಸಿಕ್ಕೊಂಡು ನಿಂತುಬಿಡ್ತರೀ. ಅವ್ರು ಈಗಷ್ಟೇ ಸತ್ತಾರೇನೋ ಅನ್ನೋಹಂಗ ಮನ್ಯಾಗಿನವ್ರು ಅಳಾಕ ಹತ್ತಿದ್ರು,” ಎನ್ನುತ್ತಾರೆ.

ಈ ಕಡೆಯ ಹಳೇ ಮನೆಗಳಲ್ಲಿ ಎಷ್ಟೋ ಜನರಿಗೆ ಇರುವುದು ಒಂದೇ ಫೋಟೋ. ಅದೂ ಜೀವ ಹೋದ ಮೇಲೆ ಮೈ ತೊಳೆದು, ಕುರ್ಚಿಯಲ್ಲಿ ಕೂರಿಸಿ ತೆಗೆಸಿದ್ದು. ಅಂಥವು ಫರೀದಾ ಬಳಿಗೇ ಬರುತ್ತವೆ. “ತಾನೇ ಕಣ್ಣು ತೆರೆಸೋ ಆಪ್ ಮೊಬೈಲಿನ್ಯಾಗ ಬಂದಾವ. ಆದ್ರ ಅದ್ರಾಗ ಸತ್ತವ್ರು ಹಲ್ಲು ಕಿಸೀತಾರ,” ಎಂದು ಫಕ್ರುದ್ದೀನ್ ನಗುತ್ತಾರೆ.

ಹುಡುಗಿಯ ಫೋಟೋ ತಂದವರು ಕಮಲಾಪುರದ ಸಂತೆಯಲ್ಲಿ ಕೆಂಪು ಬಾಳೆಹಣ್ಣು ಮಾರುವ ಮರೆಮ್ಮ. ಸೋಮವಾರ ಕಿರಿಮಗಳು ಕಸ್ತೂರಿಯ ಮದುವೆ. ಮಂಟಪದ ಪರದೆಯ ಮೇಲೆ ಮನೆಯವರೆಲ್ಲ ಬರುವಾಗ, ಜ್ವರದಲ್ಲಿ ಹೋದ ಹಿರಿಮಗಳು ರಾಜೇಶ್ರೀಯೂ ಬರಬೇಕು. “ಆಕಿ ಕಣ್ಣು ಹ್ಯಾಂಗಿದ್ವು ಅನ್ನೋದೇ ಮರತೀನವ್ವಾ. ನೆನಸಿದ್ರ ಮುಚ್ಚಿದ್ವೇ ಬರ್ತಾವ. ತಂಗಿ ಮದುವ್ಯಾಗಾರೆ ಒಮ್ಮೆ ತೆರೀಲಿ,” ಎಂದು ಕೇಳಿದ್ದರು.

ಫರೀದಾ ಮೊದಲು ಕಸ್ತೂರಿಯ ಬಾಲ್ಯದ ಫೋಟೋದಿಂದ ಕಣ್ಣು ತೆಗೆದು ಕೂರಿಸಿದರು. ಮರೆಮ್ಮ ನೋಡಿದವರೇ ಸೆರಗಿನಿಂದ ಪರದೆ ಮುಚ್ಚಿದರು. “ಅರಿಶಿಣ ಹಚ್ಚೋ ಹುಡುಗಿ ಕಣ್ಣು ಸತ್ತಾಕಿಗಿ ಹಚ್ಚಬ್ಯಾಡವ್ವಾ!”

ಹಾಗಾದರೆ ಯಾರದು? ಇಂಥ ಹೊತ್ತಿಗೆಂದೇ ಕಂಪ್ಯೂಟರಿನಲ್ಲಿ ‘ಕಣ್ಣು’ ಎಂಬ ಕಡತವಿದೆ. ಒಳಗಿರುವುದೆಲ್ಲ ಫರೀದಾ ಅವರದೇ ಕಣ್ಣುಗಳ ಫೋಟೋ: ಕಿಟಕಿಯ ಬೆಳಕಿನಲ್ಲಿ, ನಡು ಮಧ್ಯಾಹ್ನದಲ್ಲಿ, ಟ್ಯೂಬ್‌ಲೈಟಿನಲ್ಲಿ. ಮುದುಕರಿಗೆ ನೆರಿಗೆ ಉಳಿಸುತ್ತಾರೆ, ಮಕ್ಕಳಿಗೆ ಕೆಂಪು ಎಳೆ ಅಳಿಸುತ್ತಾರೆ. ಇದುವರೆಗೆ ನೂರರವತ್ತು ಮುಖಗಳು ಆ ಕಣ್ಣುಗಳಿಂದ ನೋಡಿವೆ. ಮಾಡಿದ್ದನ್ನು ಪರೀಕ್ಷಿಸುವಾಗ ಫರೀದಾ ಸತ್ತವರನ್ನು ನೋಡುತ್ತಾರೆ, ಸತ್ತವರೊಳಗಿಂದ ಫರೀದಾ ತಿರುಗಿ ನೋಡುತ್ತಾರೆ. ಎರಡೂ ಕಡೆ ರೆಪ್ಪೆ ಒಟ್ಟಿಗೇ ಬಡಿದಾಗ ಕುರ್ಚಿ ಹಿಂದೆ ಸರಿಸಿ ಎದ್ದುಬಿಡುತ್ತಾರೆ.

ಒಮ್ಮೆ ಕೋಟನೂರಿನ ಮನೆಯೊಂದಕ್ಕೆ ಹೋಗಿದ್ದರು. ಗೋಡೆಯ ಟಿ.ವಿ.ಯಲ್ಲಿ ತೀರಿಹೋದ ಅಜ್ಜ ಕಣ್ಣು ಮಿಟುಕಿಸುತ್ತಿದ್ದ. ಮೂರು ವರ್ಷದ ಮೊಮ್ಮಗಳು ಅವನನ್ನು ನೋಡಿದಳು, ಫರೀದಾರನ್ನು ನೋಡಿದಳು, ಓಡಿಬಂದು ಅವರ ದುಪಟ್ಟಾ ಹಿಡಿದು “ಮುತ್ಯಾ!” ಎಂದು ಅಜ್ಜನನ್ನೇ ಕರೆದಂತೆ ಕರೆದಳು. ಅಂದಿನಿಂದ ಅವರು ಅಂಥ ಮನೆಗಳ ಹೊಸ್ತಿಲು ತುಳಿಯುವುದಿಲ್ಲ.

ಈಗ ಮೊದಲ ಬಸ್ಸಿಗೆ ಬಂದಿಳಿದ ಮರೆಮ್ಮ ಸ್ಟೂಲಿನ ತುದಿಯಲ್ಲಿ ಕೂತಿದ್ದಾರೆ. ಇದೂ ಬೇಡವೆಂದರೆ ರಾಜೇಶ್ರೀ ಇಲ್ಲದೆಯೇ ಮದುವೆಯ ಚಿತ್ರ ಮುಗಿಯಬೇಕು. ಫರೀದಾ ಗುಂಡಿ ಒತ್ತುತ್ತಾರೆ. ಹುಡುಗಿ ಕಣ್ಣು ತೆರೆಯುತ್ತಾಳೆ. ಮರೆಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. “ಇನ್ನೊಮ್ಮೆ ಹಚ್ಚವ್ವಾ.” ನಾಲ್ಕು ಸಲ ನೋಡುತ್ತಾರೆ. ಆಮೇಲೆ ಮೆಲ್ಲಗೆ ಫರೀದಾ ಕಡೆ ತಿರುಗುತ್ತಾರೆ. ಫರೀದಾ ತಲೆ ತಗ್ಗಿಸುತ್ತಾರೆ.

“ನಿನ್ನವೇನು?”

“ಹೌದ್ರೀ ಅಕ್ಕಾ. ಬ್ಯಾಡಂದ್ರ ತೆಗೀತೀನಿ.”

ಮರೆಮ್ಮ ಅವರ ಗದ್ದ ಹಿಡಿದೆತ್ತಿ, ಪರದೆಯನ್ನು ನೋಡಿದಷ್ಟೇ ಹೊತ್ತು ಆ ಮುಖವನ್ನು ನೋಡುತ್ತಾರೆ. “ಇರ್ಲಿ ಬಿಡು. ಯಾರವಾರೆ ಇರ್ಲಿ, ನನ್ನ ಕೂಸು ನನ್ನ ನೋಡ್ಲಾಕತ್ತದ,” ಎನ್ನುತ್ತಾರೆ. ಪೆನ್‌ಡ್ರೈವ್ ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಬಾಗಿಲಲ್ಲಿ ನಿಂತು ಹೇಳುತ್ತಾರೆ: “ಮದುವಿಗಿ ಬಾ ಮತ್ತ. ಆಕಿ ಬಂದು ನೀ ಬರಲಿಲ್ಲಂದ್ರ ಹ್ಯಾಂಗ?”

ಹೋಗುವ ಆಸೆಯಿಲ್ಲವೇ ಎಂದರೆ ಫರೀದಾ ನಾಚುತ್ತಾರೆ. “ಅದರೀ. ಹಿಂದ ನಿಂತು, ಒಂದ್ಸಲ ನೋಡಿ ಬರಬೇಕಂತದ. ಬುರ್ಖಾ ಹಾಕ್ಕೊಂಡು ಹೋಗು, ಯಾರಿಗಿ ಗುರ್ತು ಸಿಗ್ತದ ಅಂತಾನ ನಮ್ಮಣ್ಣ. ಬುರ್ಖಾದಾಗ ಕಾಣೋವೇ ಎರಡು ಕಣ್ಣಲ್ರೀ!”