ಎರಡೂ ಕೈ ಮೇಜಿನ ಮೇಲೆ

ಬೆಳಗಾವಿಯ ಒಂದು ಹೋಟೆಲ್ ತರಬೇತಿ ಕೇಂದ್ರದಲ್ಲಿ ಮೂವತ್ತೊಂದು ವರ್ಷ ನಾನು ಶಿಕ್ಷಕಿಯಾಗಿದ್ದೆ. ಚಾಕು, ಫೋರ್ಕು ಹಿಡಿದು ಊಟ ಮಾಡುವ ರೀತಿ ಕಲಿಸುವುದೇ ನನ್ನ ಕೆಲಸ. ಬಾಯಿ ಸ್ವಲ್ಪ ಜೋರು. ನಮ್ಮ ಕಡೆ ಫೋರ್ಕಿಗೆ ಕಾಟಾ ಎನ್ನುತ್ತಾರೆ; ಹುಡುಗರು ಹಿಂದಿನಿಂದ ನನ್ನನ್ನು ‘ಕಾಟಾ ಟೀಚರ್’ ಎನ್ನುತ್ತಿದ್ದರೆಂಬುದೂ ಗೊತ್ತು. ನಿವೃತ್ತಿಯಾದ ಮರುವರ್ಷ, ಕೇಂದ್ರದಿಂದ ನನ್ನ ನಂಬರು ಪಡೆದು, ಖಾನಾಪುರದಿಂದ ಪದ್ಮಾ ಎಂಬ ಹುಡುಗಿ ಫೋನ್ ಮಾಡಿದಳು.

“ಟೀಚರ್, ಮುಂದಿನ ತಿಂಗಳ ನನ್ನ ಲಗ್ನ ಐತ್ರಿ. ನಮ್ಮಪ್ಪಗ ಕಾಟಾ-ಚಮಚಾದಾಗ ಉಣ್ಣಾಕ ಕಲಸ್ತೀರೇನ್ರಿ? ಬೀಗರ ಬಾಜೂಕ ಕುಂತು ಅಪ್ಪ ಉಣ್ಣಬೇಕ್ರಿ. ಅಷ್ಟ ನನ್ನ ಆಸೆ.”

ಬಂತಪ್ಪಾ ಇವರಿಗೂ ಸಾಹೇಬರ ಚಟ ಎಂದುಕೊಂಡೇ ಒಪ್ಪಿದೆ. ನಿಜ ಹೇಳಬೇಕೆಂದರೆ, ಯಾರಾದರೂ ಕರೆದರೆ ಸಾಕಾಗಿತ್ತು. ಗಂಡ ತೀರಿಕೊಂಡ ಮೇಲೆ ಮಹಾಂತೇಶ ನಗರದ ಮನೆಯಲ್ಲಿ ನಾನೊಬ್ಬಳೇ. ಊಟದ ಮೇಜಿನ ಮೇಲೆ ಒಗೆದ ಬಟ್ಟೆಗಳ ರಾಶಿ. ಊರಿಗೆಲ್ಲ ಊಟದ ರೀತಿ ಕಲಿಸಿದವಳು ಅಡುಗೆಕಟ್ಟೆಗೆ ಒರಗಿ, ನಿಂತೇ ಎರಡು ತುತ್ತು ತಿಂದು ಮುಗಿಸುತ್ತಿದ್ದೆ.

ಖಾನಾಪುರದಲ್ಲಿ ಅವರದು ಅಕ್ಕಿ ಗಿರಣಿ. ಪದ್ಮಾಳ ತಂದೆ ಭರಮಪ್ಪನವರು ಶಲ್ಯ ಹೊದ್ದು ಮೇಜಿನ ಮುಂದೆ ಕುಳಿತಿದ್ದರು. ತಟ್ಟೆಯ ಎಡಕ್ಕೆ ಫೋರ್ಕು, ಬಲಕ್ಕೆ ಚಾಕು ಇಟ್ಟೆ. ನನ್ನ ಮೊದಲ ಪಾಠ ಯಾವತ್ತೂ ಒಂದೇ.

“ಎರಡೂ ಕೈ ಮೇಜಿನ ಮ್ಯಾಲೆ ಇಡ್ರಿ.”

ಎಡಗೈ ಮಾತ್ರ ಬಂತು.

“ಎರಡೂ ಅಂದೆ. ಕೇಳಿಸಲಿಲ್ಲೇನ್ರಿ?”

ಅವರು ಶಲ್ಯ ಸರಿಸಿ ಬಲಗೈಯನ್ನು ಮೇಲೆ ತಂದಿಟ್ಟರು. ಮಣಿಕಟ್ಟಿನ ಮುಂದೆ ಏನೂ ಇರಲಿಲ್ಲ. ಎರಡು ವರ್ಷದ ಹಿಂದೆ ಗಿರಣಿಯ ಬೆಲ್ಟಿಗೆ ಸಿಕ್ಕಿತ್ತಂತೆ. ಹೇಳಿದರೆ ನಾನು ಬರಲಿಕ್ಕಿಲ್ಲ ಎಂದು ಪದ್ಮಾ ಮುಚ್ಚಿಟ್ಟಿದ್ದಳು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಕೈ ಹೋದಂದಿನಿಂದ ಅವರು ಯಾರೆದುರಿಗೂ ಉಂಡಿರಲಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು, ಎಡಗೈಯಲ್ಲಿ ಚಮಚ ಹಿಡಿದು, ಒಬ್ಬರೇ. ಮಗಳ ಮದುವೆಯ ಪಂಕ್ತಿಗೂ ಕೂರುವುದಿಲ್ಲ ಎಂದು ಹಟ ಹಿಡಿದಿದ್ದರು.

“ಎಡಗೈಲೆ ತಿನ್ನೂದನ್ನ ಬೀಗರು ನೋಡಬೇಕೇನ್ರಿ? ಮಗಳ ಮಾನಾ ಹೋಗ್ತೈತಿ,” ಎಂದರು.

ನಾನು ಚಾಕನ್ನು ಚೀಲಕ್ಕೆ ಹಾಕಿದೆ. ಫೋರ್ಕನ್ನು ಅವರ ಎಡಗೈಗೆ ಕೊಟ್ಟೆ.

“ಇದನ್ನ ಹಿಡಿಯೂದ ಎಡಗೈಲೆ, ಅಣ್ಣಾರ. ಬಲಗೈಲೆ ಹಿಡಿದವರಿಗೆಲ್ಲಾ ಮೂವತ್ತೊಂದು ವರ್ಷ ಬೈದೀನಿ.”

ಅವರು ಫೋರ್ಕನ್ನೇ ನೋಡಿದರು. “ಖರೇನ? ಇದರಾಗ ಎಡಗೈಲೆ ಉಣ್ಣೂದ ರೀತಿ ಏನ್ರಿ?”

“ಖರೇ.”

ನಾಲ್ಕು ವಾರ, ವಾರಕ್ಕೆರಡು ಸಲ ರೈಲಿನಲ್ಲಿ ಹೋಗಿ ಬಂದೆ. ಫೋರ್ಕಿನ ಅಂಚಿನಿಂದ ಹೋಳಿಗೆ ಕತ್ತರಿಸುವುದು, ಪಲ್ಯ ಚುಚ್ಚುವುದು, ಅನ್ನ ಜಾರಿದರೆ ಗಾಬರಿಯಾಗದಿರುವುದು. ಅವರು ಕಲಿಯುವಾಗ ನಾನು ಅಭ್ಯಾಸಬಲದಿಂದ ಕುರ್ಚಿಯ ಹಿಂದೆ ನಿಂತಿರುತ್ತಿದ್ದೆ. ಊಟಕ್ಕೆ ಕರೆದರೆ ರೈಲಿನ ನೆಪ ಹೇಳಿ ಹೊರಟುಬಿಡುತ್ತಿದ್ದೆ.

ಮದುವೆಯ ದಿನ ಭರಮಪ್ಪನವರು ಬೀಗರ ಪಕ್ಕದಲ್ಲಿ ಕುಳಿತು ಫೋರ್ಕು ಎತ್ತಿಕೊಂಡರು. ಬೀಗರು ನಕ್ಕು, “ಏನ್ರಿ, ಸಾಹೇಬ್ರಾಗೀರಿ!” ಎಂದರು. ಪದ್ಮಾಳ ಮುಖ ಬಿಳಿಚಿತು.

“ಟೀಚರ್ ಕಲಸ್ಯಾರ್ರಿ. ಇದರಾಗ ಎಡಗೈನ ಸೈ,” ಎನ್ನುತ್ತ ಹೋಳಿಗೆಯ ತುಂಡು ಬಾಯಿಗಿಟ್ಟರು. ಒಂದು ಚೂರೂ ಬೀಳಲಿಲ್ಲ. ಬೀಗರು ಇನ್ನೊಂದು ಹೋಳಿಗೆ ಹಾಕಿಸಿದರು. ಗೋಡೆಗೆ ಒರಗಿ ನಿಂತಿದ್ದ ನನ್ನ ಕಣ್ಣು ತುಂಬಿ ಬಂತು.

ಆಗ ಭರಮಪ್ಪನವರು ನನ್ನತ್ತ ತಿರುಗಿ, ತಮ್ಮ ಆಚೆ ಬದಿಯ ಖಾಲಿ ಕುರ್ಚಿ ಎಳೆದರು. “ಟೀಚರ್, ನೀವು ಒಮ್ಮಿನೂ ನಮ್ಮ ಮುಂದ ಉಂಡಿಲ್ಲ. ಕುಂದರ್ರಿ. ಒಬ್ಬರ ಉಣ್ಣೂದು ಏನಂತ ನನಗ ಗೊತ್ತೈತಿ.”

ಅವರಿಗೆ ಹೇಗೆ ತಿಳಿಯಿತೋ! ನಾನು ಯಾರಿಗೂ ಹೇಳಿರಲಿಲ್ಲ. ಕುಳಿತು ಎರಡೂ ಕೈ ಮೇಜಿನ ಮೇಲಿಟ್ಟೆ.

ರೀತಿ ಕಲಿಸುವ ಮೊದಲು ಎದುರಿಗಿರುವವರ ಕೈ ನೋಡಬೇಕು ಎಂಬುದನ್ನು ನನ್ನ ವೃತ್ತಿ ಅಷ್ಟು ತಡವಾಗಿ ಕಲಿಸಿತು. ಆ ಸಂಜೆ ಮನೆಗೆ ಬಂದವಳೇ ಮೇಜಿನ ಮೇಲಿನ ಬಟ್ಟೆಗಳನ್ನೆಲ್ಲ ಮಡಚಿ ತೆಗೆದಿಟ್ಟೆ. ಈಗಲೂ ತಟ್ಟೆ ಒಂದೇ. ಆದರೆ ಕುಳಿತು ಉಣ್ಣುತ್ತೇನೆ.