ಮಾಲೆ ಹಿಡಿದು ಬಂದವರು

ನನ್ನ ಯಜಮಾನರು ಹಳೆಯ ದಿಬ್ಬಗಳನ್ನು ಅಗೆದು, ಹಿಂದಿನ ಕಾಲದವರ ಮಡಕೆ ಚೂರು, ಮಣಿ ಹುಡುಕುವ ಕೆಲಸದಲ್ಲಿದ್ದರು. ಹುಕ್ಕೇರಿ ಕಡೆಯ ಚಳವಳಿಯ ಮುಖಂಡರೊಬ್ಬರಿಗೂ ಅವರದೇ ಹೆಸರು, ಅಡ್ಡಹೆಸರೂ ಒಂದೇ. ಮನೆಗೆ ಬಂದವರು ಅದನ್ನು ಹೇಳಿ ನಗುತ್ತಿದ್ದರು.

ಘಟಪ್ರಭೆಯ ದಂಡೆಯಲ್ಲಿ ಅಗೆಯುವಾಗ ಜ್ವರ ಹತ್ತಿ, ಅವರು ಗೋಕಾಕದ ನಮ್ಮ ಮನೆಯಲ್ಲೇ ತೀರಿಕೊಂಡರು. ಹೋದವರ ಹೆಸರು ಬಸ್ಸಿನವರ ಬಾಯಿಂದ ಹುಕ್ಕೇರಿ ಮುಟ್ಟಿತು. ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಚಕ್ಕಡಿಗಳು ಬಂದು ನಿಂತವು. ಚೆಂಡುಹೂವಿನ ಮಾಲೆ ಹಿಡಿದು, ಅಳುತ್ತ ಜನ ಒಳಗೆ ಬಂದರು. ಇವರಿಗೆ ಇಷ್ಟು ಮಂದಿ ಬೇಕಾದವರಿದ್ದರೇ ಎಂದು ಆ ದುಃಖದಲ್ಲೂ ನನಗೆ ಸಮಾಧಾನವಾಯಿತು.

ಗೋಡೆಗೆ ಒರಗಿಸಿ ಕೂರಿಸಿದ್ದ ಯಜಮಾನರ ಮುಖವನ್ನು ಒಬ್ಬ ಮುದುಕಿ ಬಗ್ಗಿ ನೋಡಿದಳು.

"ಇವ್ರು ನಮ್ಮ ಸಾಹೇಬ್ರು ಅಲ್ಲೋ," ಎಂದಳು.

ಅಳು ನಿಂತಿತು. ಹೊರಗೆ ಯಾರೋ, "ನಡೀರಿ, ಸಾಹೇಬ್ರು ಗಟ್ಟಿ ಅದಾರ," ಎಂದು ನಕ್ಕರು. ಸಿಟ್ಟು ಮಾಡುವುದಾದರೂ ಯಾರ ಮೇಲೆ? ಚಕ್ಕಡಿಗಳು ತಿರುಗಿದವು. ಮಾಲೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಹೊಸ್ತಿಲ ಬಳಿ ಇಟ್ಟು ಹೋದರು.

ಮುದುಕಿ ಮಾತ್ರ ನನ್ನ ಪಕ್ಕದಲ್ಲಿ ಕುಳಿತಳು.

"ತಪ್ಪ ತಿಳಿಬ್ಯಾಡವಾ ತಂಗಿ. ಯಜಮಾನ್ರು ಏನ್ ಮಾಡತಿದ್ರು?"

"ನೆಲಾ ಅಗದು ಮಡಿಕಿ ಚೂರು ಹುಡಕತಿದ್ರು."

"ಒಡದ ಮಡಿಕ್ಯಾಗ ಏನಿರತೈತಿ?"

ಹೀಗೆ ಕೇಳಿದವರಿಗೆಲ್ಲ ಅವರು ಚಹಾ ಆರಿಹೋಗುವ ತನಕ ಹೇಳುತ್ತಿದ್ದರು. ಆಗೆಲ್ಲ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಈಗಲೂ ಅವರೇ ಹೇಳಲಿ ಎಂಬಂತೆ ಅವರ ಕಡೆ ತಿರುಗಿದೆ. ಮುದುಕಿಯೂ ಅತ್ತಲೇ ನೋಡುತ್ತ ಕುಳಿತಳು.