ಮಜ್ಜಿಗೆ ಕಡೆಯುತ್ತಿದ್ದ ಮೋಟಾರ್‌ಸೈಕಲ್

ನಿಕೋಲ್‌ಗೆ ಈಗಿನ ಬೈಕುಗಳೆಂದರೆ ಅಷ್ಟಕ್ಕಷ್ಟೆ. ಒಮಾನಿನ ಬೌಷರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿದ್ದ ಇಪ್ಪತ್ತಮೂರರ ಈ ಉಡುಪಿ ಹುಡುಗಿಗೆ ಹುಚ್ಚು ಹಿಡಿಸಿದ್ದು ಮೋಟಾರ್‌ಸೈಕಲ್ ಆಗಷ್ಟೇ ಹುಟ್ಟಿದ್ದ ಕಾಲದ ಗಾಡಿಗಳು: ಸೈಕಲ್ಲಿನಂಥ ಪೆಡಲು, ಚರ್ಮದ ಬೆಲ್ಟು, ಕ್ಲಚ್ಚೂ ಇಲ್ಲ, ಗೇರೂ ಇಲ್ಲ.

ಅಂಥದೊಂದು ಇಬ್ರಾ ಎಂಬ ಊರಲ್ಲಿದೆ ಎಂದು ಹೇಳಿದವನು ಹಲ್ಲು ಕೀಳಿಸಿಕೊಂಡು ಕೂತಿದ್ದ ಒಬ್ಬ ಒಮಾನಿ. ಅವನ ಬಾಯಿ ಮರಗಟ್ಟಿದ್ದರಿಂದ ಅರ್ಧ ಮಾತ್ರ ಅರ್ಥವಾಯಿತು. ಹೋಗಿ ನೋಡಿದರೆ ಗಾಡಿ ಇತ್ತು, ಕೆಲಸವನ್ನೂ ಮಾಡುತ್ತಿತ್ತು. ಒಡತಿ ಶರೀಫಾ ಎಂಬ ಮುದುಕಿ. ಅವಳ ತಾತ ಜಾಂಜಿಬಾರಿನಿಂದ ಹಡಗಿನಲ್ಲಿ ತಂದಿದ್ದ ಅದನ್ನು ಖರ್ಜೂರದ ಕೋಣೆಯಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಹಗ್ಗ ಸುತ್ತಿ, ಪೆಡಲು ತುಳಿದು, ಮನೆಯವರು ಮೂರು ತಲೆಮಾರಿನಿಂದ ಮಜ್ಜಿಗೆ ಕಡೆಯುತ್ತಿದ್ದರು.

“ಇದು ನನಗೆ ಬೇಕು,” ಎಂದಳು ನಿಕೋಲ್ ತನ್ನ ಮುರುಕು ಅರಬ್ಬಿಯಲ್ಲಿ.

“ನಿಮ್ಮನೇಲಿ ಎಷ್ಟು ಹಸು?” ಶರೀಫಾ ಕೇಳಿದಳು.

“ಹಸು ಇಲ್ಲ. ಓಡಿಸಲಿಕ್ಕೆ.”

ಶರೀಫಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ದುಡ್ಡು ಬೇಡ, ಇದಕ್ಕಿಂತ ಚೆನ್ನಾಗಿ ಕಡೆಯುವಂಥದ್ದು ತಾ ಎಂದಳು. ಮುಂದಿನ ಶುಕ್ರವಾರ ನಿಕೋಲ್ ತಮ್ಮ ಮನೆಯ ವಾಷಿಂಗ್ ಮಷೀನನ್ನೇ ಪಿಕಪ್ಪಿಗೇರಿಸಿ ಒಯ್ದಳು. ಶರೀಫಾ ಅದಕ್ಕೆ ಎರಡು ಕೊಡ ಮೊಸರು ಸುರಿದು ಹತ್ತು ನಿಮಿಷ ತಿರುಗಿಸಿದಳು, ಮುಚ್ಚಳ ತೆಗೆದು ಬೆಣ್ಣೆ ನೆಕ್ಕಿದಳು.

“ಖಲಾಸ್. ತಗೊಂಡು ಹೋಗು.”

ಮನೆಯಲ್ಲಿ ಅಪ್ಪ ರೊನಾಲ್ಡ್ ಮಗಳ ಜೊತೆ ಮಾತು ಬಿಟ್ಟರು. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಆಫೀಸಿನ ಅಂಗಿ ಉಜ್ಜುವಾಗ ಮಾತ್ರ ಅವಳಿಗೆ ಕೇಳುವಂತೆ ನಿಟ್ಟುಸಿರುಬಿಡುತ್ತಿದ್ದರು.

ಅಲ್ ಮಬೇಲಾದಲ್ಲಿ ವರ್ಕ್‌ಶಾಪ್ ನೋಡಿಕೊಳ್ಳುತ್ತಿದ್ದ ಮೈಸೂರಿನ ದೊರೆಸ್ವಾಮಿ ಮೂರು ವಾರ ಗಾಡಿಯ ಹಿಂದೆ ಬಿದ್ದು ಅದನ್ನು ಒಂದು ಹದಕ್ಕೆ ತಂದರು. ಒಂದು ಶುಕ್ರವಾರ ಬೆಳಿಗ್ಗೆ ವರ್ಕ್‌ಶಾಪಿನ ಹಿಂದಿನ ಬಯಲಲ್ಲಿ ನಿಕೋಲ್ ಹೆಲ್ಮೆಟ್ ಹಾಕಿ ಪೆಡಲು ತುಳಿದಳು. ಎಂಜಿನ್ ಕೆಮ್ಮಿತು, ಸೀನಿತು, ಹೊರಟೇಬಿಟ್ಟಿತು. ಎರಡು ಸುತ್ತಾದ ಮೇಲೆ ಅವಳು ಕೂಗಿದಳು:

“ಅಂಕಲ್, ನಿಲ್ಲಿಸುವುದು ಹೇಗೆ?”

“ಎಡಗಡೆ ಲಿವರ್ ಎಳೀಮ್ಮಾ!”

“ಎಳೆದೆ! ಕೈಗೇ ಬಂತು!”

“ಪೆಟ್ರೋಲ್ ಟ್ಯಾಪ್ ತಿರುಗ್ಸು!”

“ಅದು ಅಲ್ಲಾಡುವುದೇ ಇಲ್ಲ!”

ದೊರೆಸ್ವಾಮಿ ತಲೆಮೇಲೆ ಕೈ ಹೊತ್ತರು. “ಹಾಗಾದ್ರೆ ಖಾಲಿ ಆಗೋವರ್ಗೂ ಸುತ್ತಮ್ಮಾ. ಟ್ಯಾಂಕ್ ತುಂಬ ಹಾಕ್ಬಿಟ್ಟಿದೀನಿ.”

ಸುದ್ದಿ ತಿಳಿದು ಅಮ್ಮ ಇವ್ಲಿನ್ ಡಬ್ಬಿ ಹಿಡಿದು ಓಡಿಬಂದರು. ರೊನಾಲ್ಡ್ ಕೊಡೆ ಹಿಡಿದು ದೂರ ನಿಂತರು. ಗಾಡಿಯ ವೇಗ ಅಷ್ಟೇನೂ ಇರಲಿಲ್ಲ. ಇವ್ಲಿನ್ ಪಕ್ಕದಲ್ಲೇ ಓಡುತ್ತ, “ಬಾಯಿ ತೆರಿ,” ಎಂದು ಸುತ್ತಿಗೊಂದು ತುತ್ತು ನೀರ್‌ದೋಸೆ ತಿನ್ನಿಸಿದರು. ನಡುವೆ ನಿಕೋಲ್ ಕಿವಿಯ ಇಯರ್‌ಫೋನಿಗೆ ಕ್ಲಿನಿಕ್ಕಿನ ಪೇಷೆಂಟೊಬ್ಬರ ಕರೆ ಬಂತು. “ರೂಟ್ ಕೆನಾಲ್ ಅಲ್ವಾ? ಮಂಗಳವಾರ ನಾಲ್ಕಕ್ಕೆ ಬನ್ನಿ. ಶಬ್ದವಾ? ಇದು ನಮ್ಮ ಮಷೀನ್ ಅಲ್ಲ ಸರ್, ಹೆದರ್ಬೇಡಿ.”

ದಾರಿಹೋಕರು ಒಬ್ಬೊಬ್ಬರೇ ಕಾರು ನಿಲ್ಲಿಸಿದರು. ಯಾವುದೋ ದಾಖಲೆಗೆ ಪ್ರಯತ್ನ ನಡೆಯುತ್ತಿದೆಯೆಂದು ಬಗೆದು ಸುತ್ತು ಸುತ್ತಿಗೂ ಚಪ್ಪಾಳೆ ತಟ್ಟಿದರು. ಅಜಾನ್ ಕೇಳಿಸಿದಾಗ ಅವರೆಲ್ಲ ಜುಮ್ಮಾ ನಮಾಜಿಗೆ ಹೋದರು. ಮುಗಿಸಿ ಬಂದಾಗಲೂ ಅವಳು ಸುತ್ತುತ್ತಲೇ ಇದ್ದಳು.

ಎಂಜಿನ್ ಕೊನೆಗೂ ಬಿಕ್ಕಳಿಸಿ ಆರಿದಾಗ ನಿಕೋಲ್ ಇಳಿಯಲೇ ಇಲ್ಲ.

“ಹೆದ್ರಿಕೊಂಡ್ಯೇನಮ್ಮಾ?” ದೊರೆಸ್ವಾಮಿ ಕೇಳಿದರು.

“ಮೊದಲ ಹತ್ತು ಸುತ್ತು ಭಯಂಕರ ಹೆದರಿದೆ ಅಂಕಲ್. ಮತ್ತೆ, ಇನ್ನು ಯಾರಿಗೂ ನನ್ನನ್ನು ನಿಲ್ಲಿಸ್ಲಿಕ್ಕೆ ಆಗುವುದಿಲ್ಲ ಅಂತ ಗೊತ್ತಾಯ್ತಲ್ಲ, ಭಾರೀ ಖುಷಿಯಾಯ್ತು.”

ರೊನಾಲ್ಡ್ ಕೊಡೆ ಮಡಚಿ ಹತ್ತಿರ ಬಂದರು. ಗಾಡಿಯ ಸುತ್ತ ಒಂದು ಸುತ್ತು ನಡೆದರು.

“ಪೆಟ್ರೋಲ್ ಉಂಟಾ?”

“ಲಿವರ್ ಇನ್ನೂ ಸರಿ ಮಾಡಿಲ್ಲ ಸಾರ್,” ಎಂದರು ದೊರೆಸ್ವಾಮಿ.

“ಅರ್ಧ ಲೀಟರ್ ಹಾಕಿ, ಸಾಕು,” ಎಂದು ರೊನಾಲ್ಡ್ ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕಿ, ಮಗಳ ಕಡೆ ಕೈ ಚಾಚಿದರು. “ಹೆಲ್ಮೆಟ್ ಕೊಡು ಮಾರಾಯ್ತಿ.”